ಮಡಿಲು ತುಂಬದ ಮನೆಗಳ ಚರಿತ್ರೆ

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿ ಆಲ್ದೂರು ಸಿಕ್ಕುತ್ತದೆ. ಸುತ್ತಲೂ ಕಾಫಿ ತೋಟಗಳು. ಫಾಲ್ಗುಣ ಚೈತ್ರಗಳಲ್ಲಿ ಇಲ್ಲಿಯ ಜನ ಎರಡು ಮಳೆಗಳನ್ನು ಎದುರು ನೋಡುತ್ತಾರೆ. ಮೊದಲನೆಯದು ಹೂ ಮಳೆ. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ಗಿಡವೆಲ್ಲ ಬೆಳ್ಳಗಾಗುತ್ತದೆ. ಎರಡನೆಯದು ಅದರ ಬೆನ್ನಿಗೆ ಬರಬೇಕಾದ ಮಳೆ. ಅದು ಬಂದರೆ ಕಾಯಿ ಕಚ್ಚುತ್ತದೆ. ಹೂವು ಬಂದೂ ಕಾಯಿ ನಿಲ್ಲದ ವರ್ಷ ತೋಟದ ಯಜಮಾನರು ಸುಮ್ಮನೆ ಕೂರುವವರಲ್ಲ. ಮಳೆ ಹದವಾಗಿ ಬಿತ್ತೆ, ನೆರಳು ಹೆಚ್ಚಾಯಿತೆ, ಮಣ್ಣಿಗೆ ಸುಣ್ಣ ಸಾಲದೆ, ಗಿಡಕ್ಕೆ ಹುಳು ಬಿದ್ದಿದೆಯೆ ಎಂದು ಒಂದೊಂದನ್ನೂ ನೋಡುತ್ತಾರೆ. ರೊಬಸ್ಟಾ ಜಾತಿಯ ಕಾಫಿಯಾದರೆ ಇನ್ನೊಂದು ಪ್ರಶ್ನೆಯೂ ಉಂಟು. ರೊಬಸ್ಟಾ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಲಾರದು. ಬೇರೆ ಗಿಡದ ಪರಾಗ ಗಾಳಿಯಿಂದಲೋ ಜೇನಿನಿಂದಲೋ ಬಂದು ಸೇರಬೇಕು. ಆದುದರಿಂದ ಪರಾಗ ಬಂದಿತೆ ಎಂಬುದನ್ನೂ ವಿಚಾರಿಸುತ್ತಾರೆ.

ಅದೇ ಮನೆಯಲ್ಲಿ ಮದುವೆಯಾಗಿ ನಾಲ್ಕು ವರ್ಷ ಕಳೆದರೂ ತೊಟ್ಟಿಲು ಕಟ್ಟದೆ ಹೋದರೆ ವಿಚಾರಣೆ ಇಷ್ಟು ನಿಧಾನವಾಗಿ ನಡೆಯುವುದಿಲ್ಲ. ಅಲ್ಲಿ ಪ್ರಶ್ನೆ ಒಂದೇ. ಅದನ್ನು ಕೇಳುವುದೂ ಒಬ್ಬಳನ್ನೇ. ಸೊಸೆಯನ್ನು ದೇವಸ್ಥಾನಕ್ಕೆ ಕರೆದೊಯ್ಯುವುದು, ಸೊಸೆಗೆ ಔಷಧ ಕುಡಿಸುವುದು, ಸೊಸೆಯ ಜಾತಕ ತೋರಿಸುವುದು. ಮಗನ ಕಡೆಗೆ ಯಾರ ದೃಷ್ಟಿಯೂ ಹೊರಳುವುದಿಲ್ಲ. ಈ ಪದ್ಧತಿ ನಮ್ಮಲ್ಲಿ ಎಷ್ಟು ಹಳೆಯದು, ಅದಕ್ಕೆ ನಮ್ಮ ಪೂರ್ವಿಕರ ಒಪ್ಪಿಗೆ ನಿಜವಾಗಿಯೂ ಇತ್ತೆ, ಈಗಿನ ವೈದ್ಯಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ತಾವು ನನ್ನೊಡನೆ ಸ್ವಲ್ಪ ಹೊತ್ತು ಯೋಚಿಸಬೇಕೆಂದು ಕೋರುತ್ತೇನೆ.

ಮೊದಲು ನಮ್ಮ ಮಾತನ್ನೇ ನೋಡೋಣ. ಮಕ್ಕಳಿಲ್ಲದ ಹೆಂಗಸಿಗೆ ಕನ್ನಡದಲ್ಲಿ ‘ಬಂಜೆ’ ಎಂಬ ಮಾತುಂಟು. ಕರು ಹಾಕದ ಹಸುವಿಗೆ ‘ಗೊಡ್ಡು’ ಎನ್ನುತ್ತೇವೆ. ಆ ಮಾತನ್ನೂ ಹೆಂಗಸಿನ ಮೇಲೆ ಎಸೆಯುವುದುಂಟು. ಆದರೆ ಆರೋಗ್ಯವಾಗಿದ್ದು, ಸಂಸಾರ ಮಾಡಿಕೊಂಡಿದ್ದು, ಮಕ್ಕಳಾಗದ ಗಂಡಸಿಗೆ ನಮ್ಮ ಮನೆಮಾತಿನಲ್ಲಿ ಹೆಸರೇ ಇಲ್ಲ. ‘ಷಂಡ’ ಎಂಬುದು ಬೇರೆ ಅರ್ಥದ ಮಾತು. ಅದು ದಾಂಪತ್ಯದ ಶಕ್ತಿ ಇಲ್ಲದವನನ್ನು ಹೇಳುತ್ತದೆ. ದೇಹದಲ್ಲಿ ಬಲವಿದ್ದು, ದಾಂಪತ್ಯದಲ್ಲಿ ಕೊರತೆಯಿಲ್ಲದೆ, ವೀರ್ಯದಲ್ಲಿ ಮಾತ್ರ ಜೀವಾಣುಗಳು ಕಡಮೆಯಿರುವ ಗಂಡಸು ಉಂಟು, ಒಂದೂ ಇಲ್ಲದವನೂ ಉಂಟು. ಹೆಸರಿಲ್ಲದ ಸಂಗತಿ ಜನರ ಕಣ್ಣಿಗೆ ಬೀಳುವುದು ಕಷ್ಟ. ಹೆಸರಿರುವವಳ ಮೇಲೆಯೇ ಹೊರೆಯೆಲ್ಲ ಬಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಆದರೆ ನಮ್ಮ ಪುರಾಣಗಳು ಹೊರೆಯನ್ನು ಹೀಗೆ ಹಂಚಲಿಲ್ಲ. ಅದಕ್ಕೆ ಸಾಕ್ಷಿ ದೂರದಲ್ಲಿಲ್ಲ, ಈ ಜಿಲ್ಲೆಯಲ್ಲಿಯೇ ಇದೆ. ಶೃಂಗೇರಿಯಿಂದ ಸುಮಾರು 10 ಕಿಲೋಮೀಟರು ಹೋದರೆ ಕಿಗ್ಗ ಎಂಬ ಊರು. ಅಲ್ಲಿ ಋಷ್ಯಶೃಂಗೇಶ್ವರನ ದೇವಾಲಯವಿದೆ. ಮಳೆ ಬಾರದಿದ್ದಾಗ ಮಳೆ ಬರಲೆಂದೂ, ಅತಿಯಾದಾಗ ನಿಲ್ಲಲೆಂದೂ ಜನ ಅಲ್ಲಿ ಪೂಜೆ ಮಾಡಿಸುವುದನ್ನು ತಾವು ಬಲ್ಲಿರಿ. ಮಳೆಯಿಲ್ಲದ ಅಂಗದೇಶಕ್ಕೆ ಕಾಲಿಟ್ಟು ಮಳೆ ತರಿಸಿದ ಮುನಿ ಋಷ್ಯಶೃಂಗ. ಮಕ್ಕಳಿಲ್ಲದ ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದವನೂ ಅವನೇ. ನೆಲದ ಬರಕ್ಕೂ ಮನೆಯ ಬರಕ್ಕೂ ಒಬ್ಬನೇ ಮುನಿ.

ಆ ಕಥೆಯನ್ನು ಒಮ್ಮೆ ಲೆಕ್ಕ ಹಾಕಿ ಓದಿರಿ. ದಶರಥನಿಗೆ ಪಟ್ಟದ ರಾಣಿಯರು ಮೂವರು. ಮೂವರಲ್ಲಿಯೂ ಗಂಡು ಸಂತಾನವಿಲ್ಲ. ಅರಸ ರಾಣಿಯರನ್ನು ದೂರಲಿಲ್ಲ, ನಾಲ್ಕನೆಯ ಮದುವೆಯಿಂದ ಗತಿಯಾಗುವುದೆಂದು ಹೊರಡಲಿಲ್ಲ. ತಾನೇ ಯಜ್ಞದೀಕ್ಷೆ ಹಿಡಿದು ಕುಳಿತ. ರಾಮಾಯಣದ ಕೆಲವು ಪಾಠಗಳಲ್ಲಿ ಇನ್ನೊಂದು ಮಾತೂ ಇದೆ: ಋಷ್ಯಶೃಂಗನ ಹೆಂಡತಿ ಶಾಂತೆ ದಶರಥನ ಮಗಳೇ, ಅವಳನ್ನು ಅಂಗರಾಜನಿಗೆ ದತ್ತು ಕೊಟ್ಟಿದ್ದರು ಎಂದು. ಹಾಗಾದರೆ ‘ಮಕ್ಕಳಿಲ್ಲದ’ ದಶರಥನಿಗೆ ಮಗಳೊಬ್ಬಳು ಇದ್ದಳು! ಹಳೆಯ ಕಾಲದಲ್ಲಿ ಮಕ್ಕಳಿಲ್ಲ ಎಂದರೆ ಎಷ್ಟೋ ಸಲ ಗಂಡುಮಕ್ಕಳಿಲ್ಲ ಎಂದೇ ಅರ್ಥ. ಹೆಣ್ಣುಮಕ್ಕಳನ್ನು ಹೆತ್ತವಳೂ ಈ ಬರಿದುಮಡಿಲಿನವರ ಪಂಕ್ತಿಯಲ್ಲಿಯೇ ಕೂರಬೇಕಾಗಿತ್ತು.

ಎರಡನೆಯ ಸಾಕ್ಷಿ ಖಾಂಡ್ಯ. ಭದ್ರಾನದಿಯ ದಡದಲ್ಲಿ ಅಲ್ಲಿ ಮಾರ್ಕಂಡೇಶ್ವರನ ಗುಡಿಯಿದೆ. ಮಾರ್ಕಂಡೇಯನ ತಂದೆ ಮೃಕಂಡು ಮುನಿಗೂ ಬಹುಕಾಲ ಮಕ್ಕಳಿರಲಿಲ್ಲ. ಅವನು ಹೆಂಡತಿಯೊಡನೆ ಶಿವನನ್ನು ಕುರಿತು ತಪಸ್ಸು ಮಾಡಿದ. ಬಹುಕಾಲ ಬದುಕುವ ದಡ್ಡ ಮಗನು ಬೇಕೋ, ಹದಿನಾರೇ ವರ್ಷ ಬದುಕುವ ಗುಣವಂತ ಬೇಕೋ ಎಂದು ದೇವರು ಕೇಳಿದಾಗ ಎರಡನೆಯವನನ್ನು ಆರಿಸಿಕೊಂಡ. ಇಲ್ಲಿಯೂ ತಪಸ್ಸು ಗಂಡಹೆಂಡಿರಿಬ್ಬರದು. ಆಲ್ದೂರಿನ ಜನ ವರ್ಷವರ್ಷವೂ ನೋಡಿಬರುವ ದೇವಸ್ಥಾನಗಳ ಕಥೆಗಳೇ ಹೀಗಿರುವಾಗ ಹರಕೆಯ ಭಾರವನ್ನೆಲ್ಲ ಸೊಸೆಯ ತಲೆಗೆ ಕಟ್ಟುವುದು ಆ ಕಥೆಗಳಿಗೆ ಮಾಡುವ ಅಪಚಾರವೆಂದೇ ಹೇಳಬೇಕು.

ಹಳೆಯ ವೈದ್ಯರ ಮಾತೂ ಇದೇ. ಸುಶ್ರುತ ಸಂಹಿತೆ ಗರ್ಭ ನಿಲ್ಲುವುದನ್ನು ಬೀಜ ಮೊಳೆಯುವುದಕ್ಕೆ ಹೋಲಿಸಿ, ಋತು, ಕ್ಷೇತ್ರ, ಅಂಬು, ಬೀಜ ಎಂದು ನಾಲ್ಕನ್ನು ಹೇಳುತ್ತದೆ. ಋತು ಎಂದರೆ ಕಾಲ, ಕ್ಷೇತ್ರ ಎಂದರೆ ಗರ್ಭಾಶಯ, ಅಂಬು ಎಂದರೆ ಪೋಷಕ ರಸ, ಬೀಜವೆಂದರೆ ಬೀಜವೇ. ನಾಲ್ಕೂ ಕೂಡಿದರೆ ಮೊಳಕೆ. ಗಂಡಸಿನ ಶುಕ್ರಕ್ಕೆ ತಗಲುವ ದೋಷಗಳನ್ನು ಆ ಗ್ರಂಥ ಎಣಿಸಿಯೇ ಹೇಳಿದೆ. ಕಾಫಿ ತೋಟದ ಯಜಮಾನರು ಮಳೆ, ಮಣ್ಣು, ಪರಾಗ ಎಂದು ಒಂದೊಂದನ್ನೇ ನೋಡುವ ಕ್ರಮಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಹಾಗಾದರೆ ಹೆಂಗಸಿನ ಮೇಲೆ ಹೊರೆ ಹೊರಿಸಿದವರು ಯಾರು? ಇದರಲ್ಲಿ ಧರ್ಮಶಾಸ್ತ್ರದ ಕೈವಾಡ ದೊಡ್ಡದು. ಬಂಜೆಯಾದ ಹೆಂಡತಿಯ ಮೇಲೆ ಎಂಟನೆಯ ವರ್ಷದಲ್ಲಿ ಇನ್ನೊಬ್ಬಳನ್ನು ತರಬಹುದೆಂದು ಮನುಸ್ಮೃತಿ ಹೇಳುತ್ತದೆ. ಅರ್ಥಶಾಸ್ತ್ರವೂ ಎಂಟು ವರ್ಷದ ಗಡುವನ್ನೇ ಹಾಕುತ್ತದೆ. ಗಡುವಿನೊಳಗೆ ಗಂಡನನ್ನು ಪರೀಕ್ಷಿಸಿರೆಂದು ಮಾತ್ರ ಆ ಮಾತಿನಲ್ಲಿಲ್ಲ. ಸವತಿ ಬಂದ ಮೇಲೂ ತೊಟ್ಟಿಲು ಬರಿದಾಗಿಯೇ ಉಳಿದ ಮನೆಗಳಿದ್ದವು. ಆಗ ಎರಡನೆಯವಳೂ ಬಂಜೆಯಾದಳು. ಮೂರನೆಯವಳು ಬಂದ ಕಥೆಗಳೂ ಉಂಟು. ಇಬ್ಬರು ಮೂವರು ಹೆಂಗಸರು ಒಂದೇ ಮನೆಗೆ ಬಂದು ಬಂಜೆಯರಾಗುವುದು ಹೇಗೆಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಇದೇ ಧರ್ಮಶಾಸ್ತ್ರಕ್ಕೆ ನಮ್ಮ ಕನ್ನಡನಾಡು ಒಂದು ಒಳ್ಳೆಯ ತಿದ್ದುಪಡಿಯನ್ನು ಕೊಟ್ಟಿತೆಂಬುದನ್ನೂ ಹೇಳಬೇಕು. ಕ್ರಿ.ಶ. 1100ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಭಾಗವಾಗಿ ಬೇರೆಯಿದ್ದ ಗಂಡಸು ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಆಸ್ತಿ ಮೊದಲು ಹೆಂಡತಿಗೆ ಸೇರಬೇಕೆಂದು ಅವನು ಗಟ್ಟಿಯಾಗಿ ವಾದಿಸಿದ. ಹೆಂಡತಿಯ ಬಳಿಕ ಹೆಣ್ಣುಮಕ್ಕಳು, ತಂದೆತಾಯಿಗಳು, ಸೋದರರು ಎಂಬ ಸರದಿ. ಇದು ಓಲೆಗರಿಯಲ್ಲಿಯೇ ಉಳಿಯಲಿಲ್ಲ. ವಿಜಯಪುರ ಜಿಲ್ಲೆಯ ಮನಗೂಳಿಯ 12ನೆಯ ಶತಮಾನದ ಶಾಸನದಲ್ಲಿ ಊರಿನವರು ಇದೇ ರೀತಿಯ ಕಟ್ಟಳೆಯನ್ನು ಕಲ್ಲಿನ ಮೇಲೆ ಬರೆಸಿದ್ದಾರೆ: ಗಂಡುಮಕ್ಕಳಿಲ್ಲದೆ ಸತ್ತವನ ಮನೆ, ಹೊಲ, ದನ, ಧಾನ್ಯಗಳು ಹೆಂಡತಿ, ಹೆಣ್ಣುಮಕ್ಕಳು ಮತ್ತು ಹತ್ತಿರದ ಬಂಧುಗಳಿಗೆ ಸಲ್ಲಬೇಕು, ಯಾರೂ ಇಲ್ಲದಿದ್ದರೆ ಧರ್ಮಕಾರ್ಯಕ್ಕೆ ಹೋಗಬೇಕು. ‘ಅಪುತ್ರಿಕ’ರ ಸ್ವತ್ತನ್ನು ಅರಮನೆ ಎಳೆದುಕೊಳ್ಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮಕ್ಕಳಿಲ್ಲದ ವಿಧವೆಗೆ ತಲೆಯ ಮೇಲೊಂದು ಸೂರು ಉಳಿಯಿತು.

ಶಾಸನಗಳಲ್ಲಿ ಇನ್ನೊಂದು ಮಾತು ಬರುತ್ತದೆ: ಸಪ್ತಸಂತಾನ. ಕೆರೆ ಕಟ್ಟಿಸುವುದು, ತೋಪು ನೆಡಿಸುವುದು, ದೇವಾಲಯ ಕಟ್ಟಿಸುವುದು, ಅಗ್ರಹಾರ ಮಾಡಿಸುವುದು, ನಿಧಿಯಿಡುವುದು, ಕಾವ್ಯ ಬರೆಯಿಸುವುದು, ಮಗನನ್ನು ಪಡೆಯುವುದು ಇವು ಏಳೂ ಸಂತಾನವೇ ಎಂದು ಎಣಿಸುತ್ತಿದ್ದರು. ಏಳರಲ್ಲಿ ಮಗ ಒಂದು ಮಾತ್ರ. ನಮ್ಮ ಕಾಲದಲ್ಲಿಯೂ ಇದಕ್ಕೆ ನಿದರ್ಶನವುಂಟು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕ, ಆಕೆಯ ಗಂಡ ಚಿಕ್ಕಯ್ಯ ಮಕ್ಕಳಿಲ್ಲದ ಕೂಲಿಯವರು. ಹುಲಿಕಲ್ಲಿನಿಂದ ಕುದೂರಿನ ರಸ್ತೆಯ ಬದಿಗೆ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡಾಗ ನಾಡೇ ಕಣ್ಣೀರಿಟ್ಟಿತು. ಆದರೆ ಒಂದು ಎಚ್ಚರಿಕೆ ಬೇಕು. ಮಕ್ಕಳಿಲ್ಲದವಳು ಮುನ್ನೂರು ಮರ ಬೆಳೆಸಿದರೆ ಮಾತ್ರ ಅವಳಿಗೆ ಗೌರವ ಎಂಬುದಾದರೆ ಅದು ಇನ್ನೊಂದು ಬಗೆಯ ಹೊರೆ. ಏನನ್ನೂ ನೆಡದವಳಿಗೂ ಮನೆಯಲ್ಲಿ ಮರ್ಯಾದೆ ಸಿಕ್ಕಬೇಕಲ್ಲವೆ?

ಅರಮನೆಗಳ ಕಥೆ ಬೇರೆ. ಅಲ್ಲಿ ಮಕ್ಕಳಿಲ್ಲದಿರುವುದು ರಾಜ್ಯದ ಪ್ರಶ್ನೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಯುದ್ಧವಾಯಿತು, ಥ್ಯಾಕರೆ ಸತ್ತ, ಕೊನೆಗೆ ಚೆನ್ನಮ್ಮರಾಣಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದಳು. ಕಿತ್ತೂರಿನ ಕಾಳಗವೆಂದು ನಾವು ಹೆಮ್ಮೆಯಿಂದ ಹೇಳುವ ಕಥೆಯ ಬೇರಿನಲ್ಲಿ ಇದ್ದುದು ಒಂದು ಬರಿದಾದ ತೊಟ್ಟಿಲು ಮತ್ತು ದತ್ತುಮಗನೂ ಮಗನೇ ಎಂಬ ಹಟ. ಮಲೆನಾಡನ್ನು ಆಳಿದ ಕೆಳದಿಯ ಚೆನ್ನಮ್ಮಾಜಿಯೂ 17ನೆಯ ಶತಮಾನದಲ್ಲಿ ಬಸಪ್ಪನಾಯಕನನ್ನು ದತ್ತು ಪಡೆದೇ ಸಂಸ್ಥಾನವನ್ನು ಉಳಿಸಿಕೊಂಡಳು.

ಮೈಸೂರಿನ ಮಾತು ತಮಗೆಲ್ಲ ಗೊತ್ತೇ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದ ಮೇಲೆ ಅಲಮೇಲಮ್ಮನೆಂಬ ಹೆಣ್ಣುಮಗಳು ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದು ಶಪಿಸಿ ಹೊಳೆಗೆ ಹಾರಿದಳೆಂಬುದು ಐತಿಹ್ಯ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಬರುವ ಮಗ ಉಳಿಯದೆ 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಒಪ್ಪಿತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. 1940ರಲ್ಲಿ ಅವರ ಸೋದರನ ಮಗ ಪಟ್ಟಕ್ಕೆ ಬಂದರು. ಇವನ್ನೆಲ್ಲ ಶಾಪದ ಲೆಕ್ಕಕ್ಕೆ ಸೇರಿಸುವವರು ಚಾಮರಾಜೇಂದ್ರರಿಗೂ ಜಯಚಾಮರಾಜೇಂದ್ರರಿಗೂ ಗಂಡುಮಕ್ಕಳು ಹುಟ್ಟಿದ್ದನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಅದಿರಲಿ, ಗಮನಿಸಬೇಕಾದುದು ಇನ್ನೊಂದು. ಈ ಐತಿಹ್ಯದಲ್ಲಿ ಶಾಪ ತಗಲಿದ್ದು ದೊರೆಗಳಿಗೆ, ಅಂದರೆ ಗಂಡಸರಿಗೆ. ಅರಮನೆಯ ವಿಷಯದಲ್ಲಿ ಜನ ಸುಲಭವಾಗಿ ನಂಬಿದ ಈ ಮಾತನ್ನು ತಮ್ಮ ಮನೆಯ ವಿಷಯದಲ್ಲಿ ನಂಬಲು ಮಾತ್ರ ಒಪ್ಪಲಿಲ್ಲ.

ಅರಸರ ಕಥೆ ಶಾಸನದಲ್ಲಿದೆ, ದಫ್ತರದಲ್ಲಿದೆ. ಬಡವರ ಮನೆಯ ಕಥೆ ಎಲ್ಲಿದೆ? ನಮ್ಮೂರುಗಳ ಅಶ್ವತ್ಥಕಟ್ಟೆಗಳನ್ನು ನೋಡಿರಿ. ಸಾಲಾಗಿ ನಾಗರಕಲ್ಲುಗಳು ನಿಂತಿರುತ್ತವೆ. ಕೆಲವು ಹೆಡೆ ಬಿಚ್ಚಿದ ಒಂಟಿ ನಾಗ, ಕೆಲವು ಹೆಣೆದುಕೊಂಡ ಜೋಡಿ ನಾಗ. ಇವುಗಳಲ್ಲಿ ಬಹಳಷ್ಟು ಮಕ್ಕಳಿಗಾಗಿ ಹರಕೆ ಹೊತ್ತವರು ನಿಲ್ಲಿಸಿದವು. ಕಲ್ಲು ಕಡೆಸಿ, ಕೆಲವು ಕಡೆ ತಿಂಗಳುಗಟ್ಟಲೆ ನೀರಿನಲ್ಲಿಟ್ಟು, ಆಮೇಲೆ ಪ್ರತಿಷ್ಠೆ ಮಾಡಿಸುತ್ತಿದ್ದರು. ಊರ ಬಾಗಿಲಿನ ವೀರಗಲ್ಲಿನಲ್ಲಿ ಸತ್ತವನ ಹೆಸರು, ಊರು, ಕಾದಿದ ಕಾರಣ ಎಲ್ಲವನ್ನೂ ಬರೆದಿರುವುದುಂಟು. ನಾಗರಕಲ್ಲಿನಲ್ಲಿ ಹೆಸರು ಕಾಣುವುದು ಅಪರೂಪ. ಯಾರ ಕಣ್ಣೀರು, ಎಷ್ಟು ವರ್ಷದ ಕಾಯುವಿಕೆ, ಕಲ್ಲು ನಿಲ್ಲಿಸಿದ ಮೇಲೆ ಮಡಿಲು ತುಂಬಿತೋ ಇಲ್ಲವೋ ಎಂಬುದೊಂದೂ ಅದರ ಮೇಲಿಲ್ಲ. ಚರಿತ್ರೆ ಓದುವವರು ಈ ಕಲ್ಲುಗಳನ್ನೂ ಶಾಸನದಂತೆಯೇ ಕಾಣಬೇಕು. ಒಂದೊಂದು ಕಟ್ಟೆಯೂ ಆ ಊರಿನ ಮಕ್ಕಳಿಲ್ಲದವರ ಜನಗಣತಿಯಿದ್ದಂತೆ.

ಹರಕೆಯಲ್ಲಿ ನಂಬಿಕೆಯಿರುವವರನ್ನು ನಾನು ಹಾಸ್ಯ ಮಾಡುತ್ತಿಲ್ಲ. ಮನಸ್ಸಿಗೆ ಆಸರೆ ಬೇಕು. ಆದರೆ ಮಲೆನಾಡಿನಲ್ಲಿ ಹರಕೆಗೆ ಸಿಕ್ಕದ ಕಾರಣಗಳೂ ಇದ್ದವು. ಒಂದು, ಚಳಿಜ್ವರ. ಮಲೇರಿಯಾ ಈ ಬೆಟ್ಟಗಳ ಊರೂರನ್ನು ಹಿಂಡಿದ ಕಾಲವಿತ್ತು. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆಗೆ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲಿ ಒಂದನ್ನು ಮೂಡಿಗೆರೆಯಲ್ಲಿಟ್ಟಿತು. ಮಲೇರಿಯಾ ಬಸುರಿಗೆ ತಗಲಿದರೆ ಗರ್ಭ ಇಳಿಯುವ, ಮಗು ಸತ್ತು ಹುಟ್ಟುವ ಅಪಾಯ ಹೆಚ್ಚು. ಅದೂ ಚೊಚ್ಚಲು ಬಸುರಿಯಲ್ಲಿ. ಹೀಗೆ ಮತ್ತೆ ಮತ್ತೆ ಬಸುರು ಇಳಿದವಳನ್ನೂ ‘ಮಡಿಲು ನಿಲ್ಲದವಳು’ ಎಂದರು. ತಪ್ಪು ಮಾಡಿದ್ದು ಸೊಳ್ಳೆ, ಮಾತು ಕೇಳಿದ್ದು ಹೆಂಗಸು.

ಇನ್ನೊಂದು, ಗಳಗಂಡ. ಮಳೆ ಹೆಚ್ಚಾದ ಬೆಟ್ಟದ ಸೀಮೆಗಳಲ್ಲಿ ಅಯೋಡಿನ್ ಎಂಬ ಲವಣ ಮಣ್ಣಿನಿಂದ ತೊಳೆದುಹೋಗುತ್ತದೆ. ಚಿಕ್ಕಮಗಳೂರು ಜಿಲ್ಲೆ ಗಳಗಂಡ ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ಒಂದು. ಕತ್ತಿನಲ್ಲಿರುವ ಥೈರಾಯಿಡ್ ಗ್ರಂಥಿಗೆ ಅಯೋಡಿನ್ ಸಾಲದೆ ಹೋದರೆ ಕತ್ತು ಊದುವುದಷ್ಟೇ ಅಲ್ಲ, ಮುಟ್ಟಿನ ಕ್ರಮವೂ ತಪ್ಪಬಹುದು, ಅಂಡ ಬಿಡುಗಡೆಯಾಗದಿರಬಹುದು, ನಿಂತ ಬಸುರು ಇಳಿಯಬಹುದು. ಭಾರತ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು 1962ರಲ್ಲಿ. ಅಂಗಡಿಯ ಅಯೋಡಿನ್ ಉಪ್ಪಿನ ಪೊಟ್ಟಣದ ಹಿಂದೆ ಇಂಥ ಚರಿತ್ರೆಯಿದೆ. ನಮ್ಮ ದೇಶದಲ್ಲಿ ಇವುಗಳಿಗೆ ಕ್ಷಯವನ್ನೂ ಸೇರಿಸಬೇಕು. ಶ್ವಾಸಕೋಶಕ್ಕೆ ಬರುವ ಆ ರೋಗ ಕೆಲವರಲ್ಲಿ ಸದ್ದಿಲ್ಲದೆ ಗರ್ಭನಾಳಗಳಿಗೂ ತಗಲಿ ಅವನ್ನು ಮುಚ್ಚಿಬಿಡುತ್ತದೆ.

ಈ ರಹಸ್ಯಗಳು ಮನುಷ್ಯನಿಗೆ ತಿಳಿದು ಬಹಳ ಕಾಲವಾಗಿಲ್ಲ. ಹಾಲೆಂಡಿನ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡು ಬರೆದದ್ದು 1677ರಲ್ಲಿ. ಸಸ್ತನಿಗಳ ಅಂಡವನ್ನು ಫಾನ್ ಬೇರ್ ವರ್ಣಿಸಿದ್ದು 1827ರಲ್ಲಿ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂಬುದನ್ನು ಜಪಾನಿನ ಒಗಿನೋ, ಆಸ್ಟ್ರಿಯದ ಕ್ನೌಸ್ ಎಂಬ ವೈದ್ಯರು ಕಂಡುಕೊಂಡದ್ದು 1920ರ ದಶಕದಲ್ಲಿ. ಅದಕ್ಕೆ ಮೊದಲು ಗರ್ಭಕ್ಕೆ ಅನುಕೂಲವಾದ ದಿನ ಯಾವುದೆಂಬುದೇ ದೊಡ್ಡ ವೈದ್ಯರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಮುತ್ತಜ್ಜಿಯರನ್ನು ದೂರಿದವರ ಕೈಯಲ್ಲಿ ಆಧಾರವೇನೂ ಇರಲಿಲ್ಲವೆಂಬುದನ್ನು ಈ ವರ್ಷಗಳೇ ಹೇಳುತ್ತವೆ.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿ ಬ್ರೌನ್ ಎಂಬ ಹೆಣ್ಣುಮಗು ಹುಟ್ಟಿತು. ತಾಯಿಯ ಗರ್ಭನಾಳಗಳು ಮುಚ್ಚಿಹೋಗಿದ್ದವು. ಅಂಡವನ್ನು ಹೊರತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯಾಣುವಿನೊಡನೆ ಕೂಡಿಸಿ, ಮತ್ತೆ ಗರ್ಭದಲ್ಲಿಟ್ಟಿದ್ದರು. ಇದನ್ನು ಸಾಧಿಸಿದ ರಾಬರ್ಟ್ ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ 1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿ ಇದೇ ಕಾರ್ಯವನ್ನು ಸ್ವತಂತ್ರವಾಗಿ ಸಾಧಿಸಿದರು. ಅವರ ಮಾತನ್ನು ಸರ್ಕಾರದ ಸಮಿತಿ ನಂಬಲಿಲ್ಲ, ಅವರಿಗೆ ವರ್ಗಾವಣೆಯಾಯಿತು, 1981ರಲ್ಲಿ ಅವರು ತಮ್ಮ ಪ್ರಾಣವನ್ನೇ ಕಳೆದುಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಹುಟ್ಟಿದ ಮಗುವನ್ನೇ ದೇಶದ ಮೊದಲನೆಯದೆಂದು ಎಣಿಸಿದರು.

ಮುಂದೆ ನಡೆದುದಕ್ಕೆ ನಮ್ಮ ಬೆಂಗಳೂರಿನ ನಂಟುಂಟು. ಮುಂಬಯಿಯ ಆ ಯಶಸ್ಸಿನಲ್ಲಿ ಪಾಲುದಾರರಾಗಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್ ಅವರು ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, ಅವು ನಿಜವೆಂದು ಮನಗಂಡು, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಲೇಖನ ಬರೆದರು. ಮೊದಲಿಗರು ನಾವಲ್ಲ, ಅವರು ಎಂದು ಸಾರಿದರು. ತನಗೆ ಬಂದ ಕೀರ್ತಿಯನ್ನು ಸತ್ತವನ ಹೆಸರಿಗೆ ಬರೆದುಕೊಡುವ ದೊಡ್ಡತನ ವಿಜ್ಞಾನದಲ್ಲಿಯೂ ಅಪರೂಪ.

1992ರಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್‌ನಿಂದ ಇನ್ನೊಂದು ಸುದ್ದಿ ಬಂತು: ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಕ್ಕೆ ಸೇರಿಸಿ ಮಗುವನ್ನು ಪಡೆಯುವ ವಿಧಾನ. ಗಂಡಸಿನ ಕಡೆಯ ಕೊರತೆಗೂ ಚಿಕಿತ್ಸೆಯಿದೆಯೆಂದು ಅದು ತೋರಿಸಿತು. ಈಗ ವೈದ್ಯರು ಹೇಳುವ ಲೆಕ್ಕವೇನೆಂದರೆ, ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷ ಒಂಟಿಯಾಗಿಯೋ ಹೆಂಗಸಿನ ದೋಷದೊಡನೆ ಸೇರಿಯೋ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಜೀವನದ ಯಾವುದೋ ಒಂದು ಕಾಲದಲ್ಲಿ ಈ ತೊಂದರೆ ತಗಲುತ್ತದೆ. ಇದು ಯಾರೋ ಪಾಪಿಗಳಿಗೆ ಬಂದ ಶಿಕ್ಷೆಯಲ್ಲ, ನಮ್ಮ ನಿಮ್ಮ ಬೀದಿಯ ಸಂಗತಿ.

ಗಂಡಸರು ಬಾಯಿ ಬಿಟ್ಟು ಮಾತನಾಡಿದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಲೇಥ್ರಾಪ್ ಎಂಬಲ್ಲಿ, ಮಣ್ಣಿನ ಜಂತುಹುಳುಗಳನ್ನು ಕೊಲ್ಲುವ ಔಷಧ ತಯಾರಿಸುವ ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತ, ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವೆಂಬುದನ್ನು ಗಮನಿಸಿದರು. ಪರೀಕ್ಷೆ ಮಾಡಿಸಿದಾಗ ಹಲವರ ವೀರ್ಯದಲ್ಲಿ ಜೀವಾಣುಗಳೇ ಇರಲಿಲ್ಲ. ಡಿ.ಬಿ.ಸಿ.ಪಿ. ಎಂಬ ಆ ರಾಸಾಯನಿಕವ‌ನ್ನು ಆಮೇಲೆ ಅಲ್ಲಿ ನಿಷೇಧಿಸಿದರು. ಅವರು ನಾಚಿಕೆಯಿಂದ ಸುಮ್ಮನಿದ್ದು ಹೆಂಡಿರನ್ನೇ ವೈದ್ಯರಲ್ಲಿಗೆ ಕಳುಹಿಸುತ್ತಿದ್ದರೆ ಸತ್ಯ ಹೊರಬೀಳುವುದಕ್ಕೆ ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ! ತೋಟಗಳಲ್ಲಿ ಔಷಧ ಹೊಡೆಯುವವರು ಕೈಗವಸು, ಮುಖವಸ್ತ್ರಗಳನ್ನು ಧರಿಸಬೇಕೆಂಬ ಮಾತಿಗೆ ಈ ಕಥೆ ಇನ್ನಷ್ಟು ತೂಕ ಕೊಡುತ್ತದೆ.

ಕಾನೂನೂ ನಿಧಾನವಾಗಿ ದಾರಿಗೆ ಬಂತು. 1955ರ ಹಿಂದೂ ವಿವಾಹ ಅಧಿನಿಯಮ ಎರಡನೆಯ ಮದುವೆಯನ್ನು ರದ್ದು ಮಾಡಿತು. ಎಂಟನೆಯ ವರ್ಷದ ಗಡುವು ಅಲ್ಲಿಗೆ ಸತ್ತಿತು. 1956ರ ದತ್ತಕ ಅಧಿನಿಯಮ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದಿತು. ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ದತ್ತು ತರುವಂತಿಲ್ಲವೆಂದಿತು. 2021ರಲ್ಲಿ ಎರಡು ಕಾಯಿದೆಗಳು ಬಂದವು. ಕೃತಕ ಗರ್ಭಧಾರಣೆಯ ಚಿಕಿತ್ಸಾಲಯಗಳು ನೋಂದಣಿ ಮಾಡಿಸಿಕೊಳ್ಳಲೇಬೇಕೆಂಬುದು ಒಂದು. ಹಣಕ್ಕಾಗಿ ಬಾಡಿಗೆ ತಾಯ್ತನ ಕೂಡದೆಂಬುದು ಇನ್ನೊಂದು.

ಬಾನುಲಿಯ ಮಾತನ್ನೂ ಹೇಳದೆ ಹೋದರೆ ನ್ಯಾಯವಲ್ಲ. ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಅನುಮತಿ ಕೊಟ್ಟದ್ದು 1930ರಲ್ಲಿ. ಜಗತ್ತಿನಲ್ಲಿಯೇ ಅದು ಮೊದಲ ಸರ್ಕಾರಿ ಪ್ರಯತ್ನಗಳಲ್ಲಿ ಒಂದು. ಭಾರತದ ಕುಟುಂಬ ಯೋಜನೆ ಆರಂಭವಾದದ್ದು 1952ರಲ್ಲಿ. ಅಲ್ಲಿಂದ ಮುಂದೆ ಎಷ್ಟೋ ವರ್ಷ ರೇಡಿಯೋದ ಪೆಟ್ಟಿಗೆ ಸಂಸಾರ ಚಿಕ್ಕದಾಗಲಿ ಎಂದು ಬುದ್ಧಿ ಹೇಳಿತು. ಕೆಂಪು ತ್ರಿಕೋನ ಗೋಡೆಗೋಡೆಯಲ್ಲಿ ಕಾಣಿಸಿತು. ಆ ಬುದ್ಧಿಮಾತು ಬೇಕಾಗಿಯೇ ಇತ್ತು. ಆದರೆ ಅದೇ ಪೆಟ್ಟಿಗೆಯ ಮುಂದೆ, ಒಂದು ಮಗುವಿಗಾಗಿ ಹಂಬಲಿಸುತ್ತಿದ್ದವಳೂ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದಳು. ಅವಳಿಗೆ ಹೇಳುವ ಮಾತು ಬಹುಕಾಲ ಯಾರ ಬಳಿಯೂ ಇರಲಿಲ್ಲ. ಬೇಕಾದಾಗ ಬೇಕಾದಷ್ಟು ಮಕ್ಕಳು ಎಂಬುದು ಕುಟುಂಬ ಯೋಜನೆಯಾದರೆ, ಮಗುವೇ ಆಗದವರ ಪಾಡೂ ಆ ಯೋಜನೆಗೆ ಸೇರಿದುದೇ ಅಲ್ಲವೆ?

ಆದುದರಿಂದ ಈಗಲಾದರೂ ನಾಲ್ಕು ಮಾತು. ಗಂಡಹೆಂಡಿರು ಒಂದು ವರ್ಷ ಕೂಡಿ ಬಾಳಿಯೂ, ತಡೆಯುವ ಯಾವ ಉಪಾಯವನ್ನೂ ಮಾಡದೆಯೂ, ಬಸುರು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗುವುದು ಒಳ್ಳೆಯದು. ಹೋಗುವಾಗ ಇಬ್ಬರೂ ಹೋಗಬೇಕು. ಮೊದಲ ಪರೀಕ್ಷೆಗಳಲ್ಲಿ ಗಂಡಸಿನ ವೀರ್ಯ ಪರೀಕ್ಷೆಯೂ ಇರಬೇಕು; ಅದರಲ್ಲಿ ನೋವಿಲ್ಲ, ಕೊಯ್ಯುವುದಿಲ್ಲ, ಖರ್ಚೂ ಕಡಮೆ. ಒಂದು ಸಲದ ಫಲಿತಾಂಶ ಸರಿಯಿಲ್ಲದಿದ್ದರೆ ಮತ್ತೊಮ್ಮೆ ಮಾಡಿಸುತ್ತಾರೆ, ಏಕೆಂದರೆ ಜ್ವರ ಬಂದುಹೋದರೂ ಎರಡು ಮೂರು ತಿಂಗಳು ಎಣಿಕೆ ತಗ್ಗಬಹುದು. ಬೀಡಿ, ಸಿಗರೇಟು, ಹೆಂಡಗಳನ್ನು ಬಿಟ್ಟರೆ ಅನುಕೂಲ. ಹೆಂಗಸಿನ ನಾಳಗಳನ್ನು ನೋಡುವ, ಹೊಟ್ಟೆಯೊಳಗೆ ಕೊಳವೆಯಿಳಿಸುವ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕೊನೆಗೆ ಗಂಡನ ಸರದಿ ಬರುವುದು ಹಣಕ್ಕೂ ದಂಡ, ಕಾಲಕ್ಕೂ ದಂಡ, ಅವಳ ಮೈಗೂ ದಂಡ.

ನೂರಕ್ಕೆ ನೂರು ಮಗು ಖಂಡಿತ ಎನ್ನುವವರನ್ನು ನಂಬಬೇಡಿ. ಯಾವ ಚಿಕಿತ್ಸೆಯೂ ಹಾಗೆ ಮಾತು ಕೊಡಲಾರದು. ತೋಟ ಮಾರುವ ಮೊದಲು ಚಿಕಿತ್ಸಾಲಯದ ನೋಂದಣಿಯನ್ನು ಕೇಳಿ ತಿಳಿಯಿರಿ, ಜಿಲ್ಲಾ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯಿರಿ. ಎಲ್ಲ ಚಿಕಿತ್ಸೆಯ ಬಳಿಕವೂ ಮಗುವಾಗದಿರಬಹುದು. ಆಗ ದತ್ತಕದ ದಾರಿಯಿದೆ. ಮಕ್ಕಳಿಲ್ಲದೆಯೇ ಇಬ್ಬರೂ ನೆಮ್ಮದಿಯಿಂದ ಬಾಳುವ ದಾರಿಯೂ ಇದೆ. ಎರಡೂ ಮರ್ಯಾದೆಯ ದಾರಿಗಳೇ.

ಉಳಿದುದು ನಮ್ಮ ನಿಮ್ಮ ಮನೆಯ ಕೆಲಸ. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಕರೆಯುವಾಗ ಅವಳನ್ನು ಬಿಟ್ಟು ಕರೆಯುವುದು, ಆರತಿಯ ತಟ್ಟೆ ಹಿಡಿಯಬೇಡವೆನ್ನುವುದು, ಹಬ್ಬಕ್ಕೆ ಬಂದವಳನ್ನು ‘ಏನೂ ವಿಶೇಷವಿಲ್ಲವೇನಮ್ಮ?’ ಎಂದು ಹತ್ತು ಜನರೆದುರು ಕೇಳುವುದು, ಇವನ್ನು ನಿಲ್ಲಿಸುವುದಕ್ಕೆ ಕಾಯಿದೆ ಬೇಕಿಲ್ಲ, ಔಷಧ ಬೇಕಿಲ್ಲ. ಮಗನಿಗೆ ಮದುವೆ ಮಾಡಿದ ತಾಯಿತಂದೆಗಳು ಒಂದು ಮಾತನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ವೈದ್ಯರ ಬಾಗಿಲಿಗೆ ಕಳುಹಿಸುವ ದಿನ ಬಂದರೆ ಸೊಸೆಯೊಬ್ಬಳನ್ನೇ ಕಳುಹಿಸಬೇಡಿ. ಮಗನಿಗೂ ಒಂದು ಚೀಟಿ ಬರೆಯಿಸಿ.